ಕಿರುಮಿದುಳಿನ ಚಿತ್ರಕ್ಕೇ ತಪಾಸಣೆ ನಿಲ್ಲದಿರಲಿ

ಮಾನ್ಯರೇ,

ಮಗುವಿನ ನಡಿಗೆ ತಡವಾದರೆ, ಕಣ್ಣಾಲಿಗಳು ನಿಲ್ಲದೆ ಅತ್ತಿತ್ತ ಓಡಿದರೆ ‘ಬೆಳೆದಂತೆ ಸರಿಹೋಗುತ್ತದೆ’ ಎಂಬ ಸಮಾಧಾನ ನಮ್ಮ ಕೊಡಗಿನಲ್ಲಿ ಇನ್ನೂ ಕೇಳಿಬರುತ್ತದೆ. ಈ ಲಕ್ಷಣಗಳಿಗೆ ಕಾರಣವಾಗಬಲ್ಲ ಜೂಬರ್ಟ್ ಸಿಂಡ್ರೋಮ್ ಎಂಬ ಅಪರೂಪದ ಆನುವಂಶಿಕ ಕಾಯಿಲೆಯಲ್ಲಿ, ಕಿರುಮಿದುಳಿನ ನಡುಭಾಗವಾದ ವರ್ಮಿಸ್ ಸರಿಯಾಗಿ ಬೆಳೆದಿರುವುದಿಲ್ಲ. ಕಿರುಮಿದುಳನ್ನು ಮಿದುಳುಕಾಂಡಕ್ಕೆ ಜೋಡಿಸುವ ನರತಂತುಗಳ ಕಟ್ಟುಗಳು ದಪ್ಪಗೆ, ನೀಳವಾಗಿ ಇರುವುದರಿಂದ ಎಂಆರ್‌ಐ ಅಡ್ಡಛೇದ ಚಿತ್ರದಲ್ಲಿ ದವಡೆ ಹಲ್ಲಿನ ಆಕಾರ ಕಾಣುತ್ತದೆ. ಚಿತ್ರ ಕಾಯಿಲೆಯ ಹೆಸರು ಹೇಳೀತು, ಅಷ್ಟೆ. ಮೂತ್ರಪಿಂಡ, ಯಕೃತ್ತು, ಅಕ್ಷಿಪಟಲಗಳಿಗೂ ಮುಂದೆ ತೊಂದರೆಯಾಗಬಹುದಾದ್ದರಿಂದ ಅವುಗಳ ನಿಯತ ತಪಾಸಣೆ ಅಗತ್ಯ. ತಂದೆ ತಾಯಿ ಇಬ್ಬರೂ ಒಂದೇ ದೋಷಯುಕ್ತ ಜೀನಿನ ವಾಹಕರಾಗಿದ್ದರೆ ಪ್ರತಿ ಗರ್ಭಧಾರಣೆಯಲ್ಲೂ ಅಪಾಯ ಶೇ 25. ಆದ್ದರಿಂದ ಆರೋಗ್ಯ ಇಲಾಖೆಯು ಮಡಿಕೇರಿಯಲ್ಲಿ ತಿಂಗಳಿಗೊಮ್ಮೆಯಾದರೂ ಆನುವಂಶಿಕ ಸಮಾಲೋಚನೆಗೆ ವ್ಯವಸ್ಥೆ ಮಾಡಬೇಕು.

– ಓರ್ವ ಓದುಗ, ಸೋಮವಾರಪೇಟೆ