ಸುಳಿವು ಕೊಟ್ಟವರ ಅಂಗಡಿ ಮುಂದೆ ಜೀಪು ನಿಲ್ಲಿಸಬೇಡಿ

ಸಂಪಾದಕರಿಗೆ ನಮಸ್ಕಾರ.

ಹಾಸನದಿಂದ ಸಕಲೇಶಪುರಕ್ಕೆ ಹೋಗುವ ದಾರಿಯಲ್ಲಿ ನನ್ನದೊಂದು ಚಿಕ್ಕ ಅಂಗಡಿ ಇದೆ. ಟೀ, ಬನ್ನು, ಬೀಡಿ, ಸೋಪು ಇಷ್ಟೇ ವ್ಯಾಪಾರ. ಪಕ್ಕದ ಬಸ್ ಸ್ಟಾಪಿನ ಗೋಡೆಗೆ ಪೊಲೀಸರು ತಲೆಮರೆಸಿಕೊಂಡ ಒಬ್ಬ ಆರೋಪಿಯ ಫೋಟೊ ಅಂಟಿಸಿದ್ದರು. ಸುಳಿವು ಕೊಟ್ಟವರ ಹೆಸರು ಗುಟ್ಟಾಗಿಡುತ್ತೇವೆ ಎಂದು ಕೆಳಗೆ ದಪ್ಪ ಅಕ್ಷರದಲ್ಲಿತ್ತು.

ಹೋದ ಸಲ ಕಾಫಿ ಕೊಯ್ಲಿನ ಸಮಯ. ಬೆಳಿಗ್ಗೆ ಒಬ್ಬ ಬಂದು ಬೀಡಿ ಕಟ್ಟು ತಗೊಂಡ. ಚಿಲ್ಲರೆ ಕೊಡುವಾಗ ಮುಖ ನೋಡಿದೆ. ಎಡ ಹುಬ್ಬಿನ ಮೇಲೆ ಹಳೇ ಗಾಯದ ಗುರುತು. ಫೋಟೊದಲ್ಲೂ ಅದೇ ಇತ್ತು. ಅವನು ತೋಟದ ಕೂಲಿಯವರು ಇರುವ ಲೈನ್ ಮನೆಗಳ ಕಡೆ ಹೋದ ಮೇಲೆ, ಗೋಡೆಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಅವರು ಮೊದಲು ಕೇಳಿದ್ದು ನನ್ನ ಹೆಸರು, ಗಂಡನ ಹೆಸರು, ಅಂಗಡಿ ಎಲ್ಲಿ ಅಂತ. ಗುಟ್ಟಾಗಿಡುತ್ತಾರಲ್ಲ ಎಂದು ಎಲ್ಲಾ ಹೇಳಿದೆ.

ಎರಡು ಗಂಟೆ ಬಿಟ್ಟು ಜೀಪು ಬಂತು. ಲೈನ್ ಮನೆಗಳ ಕಡೆ ಹೋಗಲಿಲ್ಲ, ಸೀದಾ ನನ್ನ ಅಂಗಡಿ ಮುಂದೆ ನಿಂತಿತು. 'ಫೋನ್ ಮಾಡಿದ್ದು ನೀವೇನಮ್ಮಾ?' ಎಂದು ಒಬ್ಬರು ಕೂತಲ್ಲಿಂದಲೇ ಕೂಗಿ ಕೇಳಿದರು. ಬೆಂಚಿನ ಮೇಲೆ ಐದಾರು ಜನ ಟೀ ಕುಡಿಯುತ್ತಿದ್ದರು. ಆತ ಆಗಲೇ ಜಾಗ ಖಾಲಿ ಮಾಡಿದ್ದ. ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಆಮೇಲೆ ಎರಡು ತಿಂಗಳು ಕತ್ತಲಾಗುವ ಮೊದಲೇ ಬಾಗಿಲು ಹಾಕಿದೆ. ಮಗಳು ಕಾಲೇಜಿನಿಂದ ಬರುವ ಬಸ್ಸಿಗೆ ದಿನಾ ಟಾರ್ಚ್ ಹಿಡಿದು ಕಾದೆ. ಠಾಣೆ ಯಾವುದು ಅಂತ ಬರೆಯುವುದಿಲ್ಲ. ಯಾರನ್ನೋ ಸಿಕ್ಕಿಸಬೇಕು ಅನ್ನುವ ಆಸೆ ನನಗಿಲ್ಲ.

ನನ್ನ ತಂಗಿ ಮಗ ಹಾಸನದ ಕೋರ್ಟಿನಲ್ಲಿ ವಕೀಲ. ಅಪರಾಧದ ಮಾಹಿತಿ ಎಲ್ಲಿಂದ ಬಂತು ಹೇಳಿ ಎಂದು ಪೊಲೀಸರನ್ನು ಯಾರೂ ಬಲವಂತ ಮಾಡುವಂತಿಲ್ಲ ಎಂದು ಅವನು ವಿವರಿಸಿದ. 1872ರ ಸಾಕ್ಷ್ಯ ಕಾಯ್ದೆಯ 125ನೇ ಸೆಕ್ಷನ್ನಿನಲ್ಲೇ ಇದು ಇತ್ತು. 2024ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ 131ನೇ ಸೆಕ್ಷನ್. ಕೋರ್ಟಿನಲ್ಲೂ ಹೇಳಬೇಕಿಲ್ಲದ ಗುಟ್ಟು ನನ್ನ ಟೀ ಬೆಂಚಿನ ಮುಂದೆ ಬಯಲಾಯಿತಲ್ಲ!

ಅಮೆರಿಕದ ಆಲ್ಬುಕರ್ಕಿ ಎಂಬ ಊರಿನಲ್ಲಿ 1976ರಲ್ಲೇ ಕ್ರೈಮ್ ಸ್ಟಾಪರ್ಸ್ ಅನ್ನುವ ವ್ಯವಸ್ಥೆ ಶುರುವಾಯಿತು. ಅಲ್ಲಿ ಫೋನ್ ಮಾಡಿದವರ ಹೆಸರೇ ಕೇಳುವುದಿಲ್ಲ, ಒಂದು ನಂಬರ್ ಕೊಡುತ್ತಾರೆ. ಬಹುಮಾನ ಪಡೆಯುವುದಕ್ಕೂ ಆ ನಂಬರ್ ಸಾಕು. ನಮ್ಮಲ್ಲಿ 112 ಇದೆ. ಆದರೆ ಅದು ಕರೆದವರ ಹತ್ತಿರ ವಾಹನ ಕಳಿಸುವ ವ್ಯವಸ್ಥೆ. ಹೊಡೆದಾಟಕ್ಕೆ, ಅಪಘಾತಕ್ಕೆ ಅದು ಬೇಕೇ ಬೇಕು. ಸುಳಿವು ಕೊಟ್ಟವರ ಹತ್ತಿರ ಮಾತ್ರ ಪೊಲೀಸ್ ವಾಹನ ಸುಳಿಯಲೇಬಾರದು, ಅಲ್ವಾ?

ದ್ವೇಷಕ್ಕೆ ಸುಮ್ನೆ ಯಾರದೋ ಹೆಸರು ಹೇಳುವವರೂ ಇರುತ್ತಾರೆ. ಕೊಯ್ಲಿಗೆ ದೂರದಿಂದ ಬರುವ ಬಡ ಕೂಲಿಯವರ ಮೇಲೆ ಅನುಮಾನ ಜಾಸ್ತಿ. ಅವರಿಗೆ ತೊಂದರೆ ಆಗಬಾರದು. ಹಾಗಾಗಿ ಸುಳಿವು ಸಿಕ್ಕರೆ ಮೊದಲು ಮಫ್ತಿಯಲ್ಲಿ ಬಂದು ನೋಡಲಿ, ಗುರುತು ತಾಳೆ ಮಾಡಲಿ. ಜಿಲ್ಲೆಯ ಎಸ್‌ಪಿಯವರಲ್ಲಿ ನನ್ನ ಬೇಡಿಕೆ ಇಷ್ಟೇ: ಹೆಸರು ಕೇಳದ ಒಂದು ನಂಬರ್ ಕೊಡಿ. ಅದನ್ನೇ ಪೋಸ್ಟರಿನಲ್ಲಿ ಹಾಕಿ. ಅಂಥ ನಂಬರ್ ಇದ್ದರೆ ನಾನು ಮತ್ತೆ ಫೋನ್ ಮಾಡುತ್ತೇನೆ.

ನನ್ನ ಹೆಸರು, ವಿಳಾಸ ಬೇರೆ ಹಾಳೆಯಲ್ಲಿ ಬರೆದು ಕಳಿಸಿದ್ದೇನೆ. ದಯವಿಟ್ಟು ಪತ್ರಿಕೆಯಲ್ಲಿ ಹಾಕಬೇಡಿ.

– ಅಂಗಡಿ ನಡೆಸುವ ಒಬ್ಬ ತಾಯಿ, ಹಾಸನ ಜಿಲ್ಲೆ