ಮೇಷ್ಟ್ರು ಸುಳ್ಳು ಹೇಳಿದ್ದು ಯಾಕೆ?

ಪ್ರೀತಿಯ ಗೆಳತಿ,

ನಿನ್ನ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಕನ್ನಡದಲ್ಲಿ ವೈಜ್ಞಾನಿಕ ಕಥೆ ಬರೆದರೆ ಓದುವವರೇ ಇಲ್ಲ ಅಂತ ನಮ್ಮವರು ಗೊಣಗುತ್ತಲೇ ಇರುತ್ತಾರೆ. ನಿನ್ನ ಓದುಗರು ನೋಡಿದರೆ ಒಂದು ಪಾತ್ರ ಯಾವ ವರ್ಷ ಹುಟ್ಟಿತು ಅಂತ ಕಬ್ಬನ್ ಪಾರ್ಕಿನಲ್ಲಿ ಕೂತು ಜಗಳ ಆಡುತ್ತಿದ್ದಾರೆ!

ಜಗಳದ ವಿಷಯಕ್ಕೇ ಬರುತ್ತೇನೆ. ನಿನ್ನ ಕಥೆಗಳು ನಡೆಯುವುದು 2075ರ ಬೆಂಗಳೂರಿನಲ್ಲಿ. ಹುಡುಗಿಗೆ ನೀರಿನ ಯಂತ್ರ ಕಲಿಸುವ ಮೇಷ್ಟ್ರಿಗೆ ಎಪ್ಪತ್ತು ವರ್ಷ. ಅಂದರೆ 2005ರಲ್ಲಿ ಹುಟ್ಟಿದವರು. ಆರನೇ ಕಥೆಯಲ್ಲಿ ಅವರು, ತಾನು ಈಜು ಕಲಿತಿದ್ದು ಧರ್ಮಾಂಬುಧಿ ಕೆರೆಯಲ್ಲಿ ಅಂತ ಹುಡುಗಿಗೆ ಹೇಳುತ್ತಾರೆ. ಅವರು ಹುಟ್ಟುವ ಹೊತ್ತಿಗೆ ಆ ಕೆರೆ ಎಲ್ಲಿತ್ತು? ಅಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಬಂದು ಎಷ್ಟೋ ಕಾಲವಾಗಿತ್ತು. ಮೇಷ್ಟ್ರು ಕಾಲಯಾನಿ ಅಂತ ಒಬ್ಬ ಓದುಗ. ಲೇಖಕಿಗೆ ಬೆಂಗಳೂರೇ ಗೊತ್ತಿಲ್ಲ ಅಂತ ಇನ್ನೊಬ್ಬಳು. ನೀನು ಗಾಬರಿಬಿದ್ದು, ಮೇಷ್ಟ್ರ ಬಾಲ್ಯದ ಮೇಲೆ ಒಂದು ಪೂರ್ತಿ ಕಾದಂಬರಿ ಬರೆದು ಎಲ್ಲ ಸರಿಮಾಡುತ್ತೇನೆ ಅಂತ ಹೊರಟಿದ್ದೀಯ.

ಬೇಡ. ಸದ್ಯಕ್ಕಂತೂ ಬೇಡ.

ಮೊದಲು ಒಂದು ವ್ಯತ್ಯಾಸ ನೋಡು. ಒಂದನೇ ಕಥೆಯಲ್ಲಿ ಮೇಷ್ಟ್ರ ಬಲಗೈ ಮೇಲೆ ಸುಟ್ಟ ಗಾಯದ ಗುರುತಿದೆ, ಒಂಬತ್ತನೆಯದರಲ್ಲಿ ಅದು ಎಡಗೈಗೆ ಹೋಗಿದೆ. ಅದನ್ನು ಹೇಳುತ್ತಿರುವುದು ಕಥೆ. ಅಲ್ಲಿ ವಾದಕ್ಕೆ ಜಾಗವಿಲ್ಲ, ಸುಮ್ನೆ ತಿದ್ದಿಬಿಡು. ಕೆರೆಯ ಮಾತು ಹಾಗಲ್ಲ. ಅದನ್ನು ಕಥೆ ಹೇಳಿಲ್ಲ, ಮೇಷ್ಟ್ರು ಹೇಳಿದ್ದು. ಮನುಷ್ಯರು ತಮ್ಮ ಹಿಂದಿನದನ್ನು ಹೇಳುವಾಗ ಸುಳ್ಳು ಹೇಳುತ್ತಾರೆ, ಮರೆಯುತ್ತಾರೆ, ಬೇರೆಯವರ ನೆನಪನ್ನು ತಮ್ಮದು ಅಂದುಕೊಳ್ಳುತ್ತಾರೆ. ಕಂಟಿನ್ಯೂಟಿ, ಅಂದರೆ ಒಂದು ಕಥೆಗೂ ಇನ್ನೊಂದಕ್ಕೂ ಇರಬೇಕಾದ ಹೊಂದಾಣಿಕೆ, ತಪ್ಪಿದೆ ಅಂತ ಓದುಗರು ಬೊಟ್ಟು ಮಾಡಿದ ಜಾಗದಲ್ಲೇ ನಿನಗೆ ಒಂದು ಕಥೆ ಸಿಕ್ಕಿದೆ.

ಸ್ಟಾರ್ ವಾರ್ಸ್‌ನ ಓಬಿ-ವಾನ್ ಕೆನೋಬಿಯನ್ನೇ ತಗೋ, ನಾಯಕ ಲ್ಯೂಕ್ ಅನ್ನುವ ಹುಡುಗನ ಗುರು ಅವನು. 1977ರ ಚಿತ್ರದಲ್ಲಿ ಆ ಮುದುಕ ಲ್ಯೂಕ್‌ಗೆ, ನಿನ್ನ ಅಪ್ಪನನ್ನು ಕೊಂದವನು ಖಳನಾಯಕ ಡಾರ್ತ್ ವೇಡರ್ ಅನ್ನುತ್ತಾನೆ. 1980ರಲ್ಲಿ ವೇಡರನೇ ಅಪ್ಪ ಅಂತ ಗೊತ್ತಾಗುತ್ತದೆ. ಇದು ಮೊದಲಿನಿಂದಲೂ ಹಾಕಿಟ್ಟ ಯೋಜನೆ ಅಂತ ಎಷ್ಟೋ ಜನ ನಂಬಿದ್ದಾರೆ. ಆದರೆ 1978ರಲ್ಲಿ ಲೀ ಬ್ರಾಕೆಟ್ ಬರೆದ ಎರಡನೇ ಚಿತ್ರದ ಮೊದಲ ಕರಡಿನಲ್ಲಿ ಲ್ಯೂಕ್‌ನ ಅಪ್ಪ ಬೇರೆ, ವೇಡರ್ ಬೇರೆ. ಅಪ್ಪನ ಆತ್ಮ ಬಂದು ಮಗನ ಜೊತೆ ಮಾತಾಡುತ್ತದೆ! ಇಬ್ಬರನ್ನೂ ಒಂದು ಮಾಡಿದ್ದು ಆಮೇಲೆ ಜಾರ್ಜ್ ಲ್ಯೂಕಾಸ್ ಬರೆದ ಕರಡು. ಅಲ್ಲಿಗೆ ಕೆನೋಬಿ ಸುಳ್ಳುಗಾರನಾದ. 1983ರಲ್ಲಿ ಅವನ ಕೈಲಿ ಸಮಜಾಯಿಷಿ ಕೊಡಿಸಬೇಕಾಯಿತು: ಒಂದು ದೃಷ್ಟಿಯಿಂದ ನೋಡಿದರೆ ನಾನು ಹೇಳಿದ್ದು ನಿಜವೇ ಅಂತ. ಆ ಸಮಜಾಯಿಷಿ ಸ್ವಲ್ಪ ಜಾರಿಕೆಯದ್ದೇ. ಲ್ಯೂಕ್‌ಗೂ ಹಿಡಿಸುವುದಿಲ್ಲ. ನನಗೆ ಇಷ್ಟವಾಗುವುದು ಅದೇ. ಬರೀ ಒಳ್ಳೆಯ ಮುದುಕನಾಗಿದ್ದವನು ಈಗ ಶಿಷ್ಯನಿಂದ ಏನೋ ಮುಚ್ಚಿಟ್ಟ ಗುರುವಾದ.

ಅಭಿಮಾನಿಗಳು ಅಲ್ಲಿಗೇ ಬಿಡಲಿಲ್ಲ. ತನಗೆ ಕಲಿಸಿದವನು ಯೋಡಾ ಅನ್ನುವ ಹಿರಿಯ ಗುರು ಅಂತ 1980ರಲ್ಲಿ ಅಂದವನಿಗೆ 1999ರಲ್ಲಿ ಕ್ವಾಯ್-ಗಾನ್ ಅನ್ನುವ ಬೇರೆ ಗುರು ಹೇಗೆ ಬಂದ? ಚಿಕ್ಕ ಮಕ್ಕಳಿಗೆಲ್ಲ ಮೊದಲು ಕಲಿಸುವುದು ಯೋಡಾನೇ, ಆಮೇಲೆ ಒಬ್ಬೊಬ್ಬರಿಗೂ ಒಬ್ಬ ಗುರು ಅಂತ ಸಮಾಧಾನ ಸಿಕ್ಕಿತು. ಮೊದಲ ಚಿತ್ರದಲ್ಲಿ ಕೆನೋಬಿ, ತನ್ನದು ಅಂತ ಒಂದು ಡ್ರಾಯ್ಡ್, ಅಂದರೆ ರೋಬೋ, ಇದ್ದ ನೆನಪೇ ಇಲ್ಲ ಅನ್ನುತ್ತಾನೆ. ಹಿಂದಿನ ಕಥೆ ಹೇಳುವ ಚಿತ್ರಗಳಲ್ಲಿ ಆರ್ಟೂ ಡೀಟೂ ಅನ್ನುವ ಡ್ರಾಯ್ಡ್ ಅವನ ಸುತ್ತಮುತ್ತಲೇ ಓಡಾಡುತ್ತದೆ. ಅಭಿಮಾನಿಯ ಉತ್ತರ ಏನು ಗೊತ್ತಾ? ಅದು ಅವನ ಸ್ವಂತದ್ದಲ್ಲವಲ್ಲ! ಯಾವ ವಕೀಲನೂ ತಲೆದೂಗಬೇಕು.

ಇದನ್ನು ಹುಚ್ಚು ಅನ್ನಬೇಡ. ನಮ್ಮಲ್ಲಿ ಇದು ಹಳೆಯ ಆಟ. ಬೆಂಗಳೂರಿನಲ್ಲಿ ಯಕ್ಷಗಾನ ತಾಳಮದ್ದಳೆ ನಡೆದಾಗ ಒಮ್ಮೆ ಹೋಗಿ ಕೂತು ಕೇಳು. ವೇಷವಿಲ್ಲ, ಕುಣಿತವಿಲ್ಲ, ಹಾಡು ಮತ್ತು ಮಾತು ಅಷ್ಟೇ. ಪರಶುರಾಮನನ್ನು ಎತ್ತಿಕೊಂಡರಂತೂ ಪಾತ್ರವಾಗಿ ಮಾತಾಡುವ ಅರ್ಥಧಾರಿಗಳಿಗೆ ಹಬ್ಬ. ಕ್ಷತ್ರಿಯರ ವೈರಿ ಅವನು. ಆದರೆ ಕ್ಷತ್ರಿಯನಾದ ಭೀಷ್ಮನಿಗೆ ವಿದ್ಯೆ ಕಲಿಸಿದ್ದಾನೆ. ಹಾಗಿದ್ದರೆ ಕರ್ಣನಿಗೆ ಶಾಪ ಯಾಕೆ? ಅದು ಜಾತಿಗಲ್ಲ, ಸುಳ್ಳಿಗೆ ಅಂತ ಒಬ್ಬರು ಹಿಡಿಯಬಹುದು. ಅಂಬೆಯ ಕಾರಣಕ್ಕೆ ಭೀಷ್ಮನ ಜೊತೆ ಯುದ್ಧ ಆದಮೇಲೆ ಗುರುವಿನ ಮನಸ್ಸೇ ಮುರಿದಿತ್ತು ಅಂತ ಇನ್ನೊಬ್ಬರು. ರಾಮನ ಎದುರು ಬಿಲ್ಲು ಹಿಡಿದು ನಿಂತವನೇ ದ್ರೋಣನಿಗೂ ಅಸ್ತ್ರ ಕೊಟ್ಟ ಅಂದರೆ ಹೇಗೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಚಿರಂಜೀವಿ ಅಂದುಬಿಟ್ಟರೆ ಮುಗಿಯಿತು, ಅಲ್ವಾ? ಆ ಸೌಲಭ್ಯ ನಿನ್ನ ಮೇಷ್ಟ್ರಿಗಿಲ್ಲ.

ಇನ್ನು ನಿನ್ನ ಪ್ರೀಕ್ವೆಲ್ ಆಸೆ, ಅಂದರೆ ಮೇಷ್ಟ್ರ ಹಿಂದಿನ ಕಥೆ ಬರೆಯುವ ಆಸೆ. ಐಸಾಕ್ ಅಸಿಮೊವ್‌ನ ಹ್ಯಾರಿ ಸೆಲ್ಡನ್ ನೆನಪಿದ್ದಾನಾ? 1942ರಿಂದ ಬಂದ ‘ಫೌಂಡೇಶನ್’ ಕಥೆಗಳಲ್ಲಿ ಬಹುಪಾಲು ಅವನು ಸತ್ತುಹೋದ ಗಣಿತಜ್ಞ. ಬಿಕ್ಕಟ್ಟು ಬಂದಾಗ ಅವನು ಮೊದಲೇ ರೆಕಾರ್ಡ್ ಮಾಡಿಟ್ಟ ಚಿತ್ರ ಬೆಳಗುತ್ತದೆ, ನಾಲ್ಕು ಮಾತು ಆಡುತ್ತದೆ, ಆರುತ್ತದೆ. ಅವನ ತೂಕವೆಲ್ಲ ಆ ಗೈರುಹಾಜರಿಯಲ್ಲಿತ್ತು. 1988ರಲ್ಲಿ, ಮತ್ತೆ ಅಸಿಮೊವ್ ತೀರಿಕೊಂಡ ಮೇಲೆ 1993ರಲ್ಲಿ, ಸೆಲ್ಡನ್‌ನ ಜೀವನದ ಕಾದಂಬರಿಗಳು ಬಂದವು. ಅವನು ಓಡುತ್ತಾನೆ, ಹೊಡೆದಾಡುತ್ತಾನೆ, ಸಂಸಾರ ಮಾಡುತ್ತಾನೆ. ನಾನು ಖುಷಿಯಿಂದಲೇ ಓದಿದೆ. ಆದರೆ ಮತ್ತೆ ಹಳೆಯ ಕಥೆ ತೆರೆದಾಗ ಆ ಬೆಳಕಿನ ಮುದುಕ ಮೊದಲಿನಷ್ಟು ದೊಡ್ಡವನಾಗಿ ಕಾಣಲಿಲ್ಲ. ಎಲ್ಲರಿಗೂ ಹೀಗೇ ಆಗಬೇಕಂತಿಲ್ಲ, ಇದು ನನ್ನ ತಕರಾರು.

ನಮ್ಮ ತೇಜಸ್ವಿ 1980ರಲ್ಲಿ ‘ಕರ್ವಾಲೋ’ ಬರೆದರು. ಊರಿಗೆಲ್ಲ ಉಡಾಳನಾಗಿ ಕಂಡ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೋ ಒಬ್ಬ ಹುಟ್ಟಾ ಪ್ರಕೃತಿ ವೀಕ್ಷಕನನ್ನು ಕಾಣುತ್ತಾರೆ. ಕರ್ವಾಲೋ ಅಂದರೆ ನಮಗೆ ನೆನಪಾಗುವುದು ಆ ನೋಟ. ಅವರು ಎಲ್ಲಿ ಓದಿದರು, ಅವರ ತಾತ ಯಾರು ಅಂತ ಯಾರೂ ಜಗಳ ಆಡಿದ್ದು ನಾನಂತೂ ಕೇಳಿಲ್ಲ.

ಹಾಗಾಗಿ ಈಗ ಹೀಗೆ ಮಾಡು. ಒಂದು ನೋಟ್‌ಬುಕ್ ತಗೊಂಡು ಪುಟವನ್ನು ಎರಡು ಭಾಗ ಮಾಡು. ಎಡಗಡೆ ಕಥೆ ಹೇಳಿದ್ದು: ವಯಸ್ಸು, ಗಾಯ, ಮನೆಯಿರುವ ರಸ್ತೆ, ಮೆಟ್ರೋ ದಾರಿ. ಇದರಲ್ಲಿ ಕಟ್ಟುನಿಟ್ಟಾಗಿರು, ಬೆಂಗಳೂರಿನ ಓದುಗ ರಾಕೆಟ್ ತಪ್ಪಾದರೆ ಕ್ಷಮಿಸಿಯಾನು, ಬಸ್ ರೂಟ್ ತಪ್ಪಾದರೆ ಬಿಡುವುದಿಲ್ಲ. ಬಲಗಡೆ ಮೇಷ್ಟ್ರು ಹೇಳಿದ್ದು. ಪ್ರತಿ ಮಾತಿನ ಪಕ್ಕದಲ್ಲಿ ಯಾರಿಗೆ ಹೇಳಿದರು, ಆಗ ಅವರಿಗೆ ಏನು ಬೇಕಿತ್ತು ಅಂತ ಬರಿ. ಓದುಗರ ಜಗಳಕ್ಕೆ ಹೋಗಬೇಡ. ಅವರ ಪ್ರಶ್ನೆ ತಗೋ, ಉತ್ತರ ಅವರ ಹತ್ತಿರವೇ ಇರಲಿ.

ಕೆರೆಯ ಮಾತನ್ನು ಬಲಗಡೆ ಬರೆದು ನೋಡು. ತುಂಬಿದ ಕೆರೆಯನ್ನು ಕಣ್ಣಾರೆ ಕಾಣದ ಹುಡುಗಿಗೆ, ಈ ಊರಲ್ಲಿ ನೀರಿತ್ತು ಅಂತ ನಂಬಿಸಬೇಕಿತ್ತು. ಮುತ್ತಜ್ಜನ ಈಜನ್ನು ಮೇಷ್ಟ್ರು ತನ್ನದೇ ಅಂದುಬಿಟ್ಟರು. ಇದನ್ನು ವಿವರಿಸಲು ಕಾದಂಬರಿ ಬೇಕಿಲ್ಲ, ಎರಡು ಸಾಲು ಸಾಕು. ಅದಕ್ಕಿಂತ ಮುಖ್ಯ, ಹುಡುಗಿ ಇದನ್ನು ಕಂಡುಹಿಡಿಯಬೇಕು. ಹತ್ತನೇ ಕಥೆಯಲ್ಲಿ ಅವಳು ಮೇಷ್ಟ್ರ ಮಾತೊಂದನ್ನೇ ನಂಬಿ ಆ ದೊಡ್ಡ ವಾಲ್ವ್ ತೆರೆಯಬೇಕಲ್ಲ? ಅದರ ಹಿಂದಿನ ದಿನವೇ ಅವಳಿಗೆ ಕೆರೆಯ ಸುಳ್ಳು ಗೊತ್ತಾಗಲಿ. ಆಗ ಅವಳು ವಾಲ್ವ್ ತೆರೆಯುತ್ತಾಳಾ? ಬರೆದು ಕಳಿಸು. ಗಾಯ ಯಾವ ಕೈಯದ್ದು ಅಂತಲೂ ತಿಳಿಸು.

ಇಂತಿ,
ನಿನ್ನ ಹಳೆಯ ಓದುಗ
ಬಸವನಗುಡಿ, ಬೆಂಗಳೂರು