ಹಿಮಕುಸಿತ: ತಳದ ಪದರವೂ ಸುದ್ದಿಯಾಗಲಿ

ಮಾನ್ಯ ಸಂಪಾದಕರೇ,

ಹಿಮಕುಸಿತದ ಸುದ್ದಿಗಳಲ್ಲಿ ಸಾಮಾನ್ಯವಾಗಿ ಹಿಂದಿನ ಒಂದೆರಡು ದಿನ ಬಿದ್ದ ಭಾರಿ ಹಿಮವನ್ನೇ ಕಾರಣವೆಂದು ಹೇಳಿ ವರದಿಯನ್ನು ಮುಗಿಸಲಾಗುತ್ತದೆ. ಆದರೆ ನಡುಚಳಿಗಾಲದಲ್ಲಿ ಜಾರುವ ಇಳಿಜಾರಿನ ದೌರ್ಬಲ್ಯ ಎಷ್ಟೋ ಸಲ ಋತುವಿನ ಆರಂಭದಲ್ಲೇ ಬಿದ್ದು ಕರಗದೆ ಉಳಿದ ತೆಳು ಹಿಮದಲ್ಲಿ ಹುಟ್ಟಿರುತ್ತದೆ ಎಂಬುದು ಪರ್ವತ ಚಾರಣಕ್ಕೆ ಹೊರಡುವ ಓದುಗರಿಗೆ ತಿಳಿದಿರಲೇಬೇಕು.

ಬೇಸಿಗೆಯ ಶಾಖ ಉಳಿದಿರುವುದರಿಂದ ಹಿಮದಡಿಯ ನೆಲ ಸಾಮಾನ್ಯವಾಗಿ 0 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಅದರ ಮೇಲೆ 30 ಸೆಂಟಿಮೀಟರ್ ಹಿಮವಷ್ಟೇ ಇದ್ದು, ಮೋಡವಿಲ್ಲದ ರಾತ್ರಿ ಹಿಮದ ಮೇಲ್ಮೈ ಮೈನಸ್ 15 ಡಿಗ್ರಿಗೆ ಇಳಿಯಿತೆಂದರೆ, ಪ್ರತಿ 10 ಸೆಂಟಿಮೀಟರಿಗೆ 5 ಡಿಗ್ರಿಯಷ್ಟು ಅಂತರ ಉಂಟಾಗುತ್ತದೆ. ಈ ಅಂತರ 1 ಡಿಗ್ರಿಯನ್ನು ಮೀರಿದರೇ ಸಾಕು, ತಳದಿಂದ ಮೇಲೇರುವ ನೀರಾವಿಯಿಂದ ಹಿಮದ ಕಣಗಳು ಒಂದಕ್ಕೊಂದು ಅಂಟದ, ಚೂಪು ಅಂಚಿನ ಹರಳುಗಳಾಗಿ ಬದಲಾಗತೊಡಗುತ್ತವೆ. ಅಂಥ ಹಿಮವನ್ನು ಮುಷ್ಟಿಯಲ್ಲಿ ಎಷ್ಟು ಒತ್ತಿದರೂ ಉಂಡೆ ಕಟ್ಟುವುದಿಲ್ಲ. ಸಕ್ಕರೆಯಂತೆ ಬೆರಳ ಸಂದಿಯಿಂದ ಉದುರಿಹೋಗುತ್ತದೆ. ಮುಂದೆ ಬೀಳುವ ಹಿಮವೆಲ್ಲ ಗಟ್ಟಿ ಹಾಸಾಗಿ ನಿಲ್ಲುವುದು ಈ ಸಡಿಲ ತಳದ ಮೇಲೆಯೇ, ಮತ್ತು ಈ ತಳ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಾಗೆಯೇ ಉಳಿಯಬಲ್ಲದು. ಆದ್ದರಿಂದ ಹಿಮ ಕಡಿಮೆ ಬಿದ್ದ ವರ್ಷ ಅಪಾಯವೂ ಕಡಿಮೆ ಎಂಬ ನಂಬಿಕೆ ತಪ್ಪು.

ಬಿಸಿಲು ಬೀಳುವ ಮಗ್ಗುಲಲ್ಲಿ ಆರಂಭದ ಹಿಮ ಕರಗಿಹೋದರೂ ನೆರಳಿನ ಮಗ್ಗುಲಲ್ಲಿ ಉಳಿದುಕೊಳ್ಳುವುದರಿಂದ, ಒಂದೇ ಬೆಟ್ಟದ ಎರಡು ಬದಿಗಳ ಸ್ಥಿತಿ ಬೇರೆಬೇರೆಯಾಗಿರುತ್ತದೆ. ನೆಲದ ಸ್ವರೂಪವೂ ಮುಖ್ಯ. ಬಂಡೆ, ಪೊದೆಗಳು ಹಿಮವನ್ನು ಹಿಡಿದಿಡುತ್ತವೆ ನಿಜ, ಆದರೆ ಅವು ಹೂತುಹೋಗುವವರೆಗೆ ಮಾತ್ರ. ಆಮೇಲೆ ಅವುಗಳ ಸುತ್ತಲಿನ ತೆಳು ಹಿಮವೇ ಅತಿ ದುರ್ಬಲವಾಗಿ, ಅಲ್ಲಿ ಇಟ್ಟ ಒಂದು ಹೆಜ್ಜೆಯ ಭಾರಕ್ಕೆ ಇಡೀ ಇಳಿಜಾರು ಕಳಚಿಕೊಳ್ಳಬಹುದು. ನುಣುಪಾದ ಹಾಸುಬಂಡೆ ಅಥವಾ ಹುಲ್ಲಿನ ಇಳಿಜಾರಿನಲ್ಲಿ ತಳ ಒದ್ದೆಯಾದರೆ, ಯಾರೂ ಕಾಲಿಡದಿದ್ದರೂ ಹಿಮರಾಶಿ ನೆಲದಿಂದಲೇ ಜಾರುತ್ತದೆ.

ಕಾಲಿಟ್ಟಾಗ ಹಿಮ ‘ಧಪ್’ ಎಂದು ಕುಸಿದ ಸದ್ದಾದರೆ, ಹೆಜ್ಜೆಯಿಂದ ಬಿರುಕುಗಳು ಮುಂದಕ್ಕೆ ಓಡಿದರೆ, 30ರಿಂದ 45 ಡಿಗ್ರಿ ಓರೆಯ ಇಳಿಜಾರುಗಳನ್ನೂ ಅವುಗಳ ಬುಡವನ್ನೂ ಬಿಟ್ಟು ದೂರ ಸರಿಯಬೇಕು. ಚಾರಣಿಗರು, ಸ್ಕೀ ಆಡುವವರು ಸಿಲುಕುವ ಮಾರಕ ಹಿಮಕುಸಿತಗಳಲ್ಲಿ ಬಹುಪಾಲನ್ನು ಕೆರಳಿಸುವವರು ಸಿಲುಕಿದವರೇ ಅಥವಾ ಅವರ ಜೊತೆಗಾರರೇ ಆಗಿರುತ್ತಾರೆ. ಆದ್ದರಿಂದ ಇಂಥ ವರದಿಗಳಲ್ಲಿ ಹೊಸ ಹಿಮದ ಪ್ರಮಾಣದ ಜೊತೆಗೆ, ಮೊದಲ ಹಿಮ ಯಾವಾಗ ಬಿತ್ತು, ಅದು ಎಷ್ಟು ದಿನ ತೆಳುವಾಗಿಯೇ ಉಳಿದಿತ್ತು ಎಂಬುದನ್ನೂ ತಜ್ಞರಿಂದ ಕೇಳಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ತಮ್ಮ ಓದುಗ